ಎರಡೇ ಹೆಸರಿನ ಕಾರ್ಡು

ಹೋದ ತಿಂಗಳು ತವರಿಗೆ ಹೋಗಿದ್ದೆ. ತಮ್ಮನ ಹೆಂಡತಿ ಅಟ್ಟದ ಮೇಲಿನ ಹಳೆಯ ಸಾಮಾನನ್ನೆಲ್ಲ ಕೆಳಗಿಳಿಸಿ ಗುಡಿಸುತ್ತಿದ್ದಳು. ಅದರಲ್ಲಿ ಒಂದು ತಗಡಿನ ಡಬ್ಬಿ ಇತ್ತು. ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಕಲ್ಲಿನಿಂದ ಬಡಿದು ತೆಗೆದರೆ ಒಳಗೆ ರೇಡಿಯೋ ಸೆಲ್ಲುಗಳು. ಸೋರಿ, ಬಿಳಿ ಹಿಟ್ಟು ಕಟ್ಟಿ, ಒಂದಕ್ಕೊಂದು ಅಂಟಿಕೊಂಡಿದ್ದವು. ಮೂಗಿನ ತುದಿಗೆ ಚುಚ್ಚುವ ಆ ಹುಳಿ ವಾಸನೆ ಬಂದದ್ದೇ ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

"ಬಿಸಾಕ್ಲೇನ್ರಿ ಅತ್ಗಿ?" ಎಂದು ಅವಳು ಕೇಳಿದಳು. ಬಿಸಾಕು ಎಂದು ಹೇಳಿ ಹಿತ್ತಲಿಗೆ ಹೋಗಿ ಕೂತೆ.

ಆ ಸೆಲ್ಲುಗಳನ್ನು ಡಬ್ಬಿಗೆ ಹಾಕಿ ಬಚ್ಚಿಟ್ಟವಳು ನಾನೇ. ಯಾಕೆ ಬಚ್ಚಿಟ್ಟೆ ಎನ್ನುವುದನ್ನು ಬರೆಯಬೇಕು ಎಂದು ಅವತ್ತೇ ಅನ್ನಿಸಿತು. ನಾನು ಓದಿದ್ದು ಆರನೇ ಕ್ಲಾಸಿನ ತನಕ. ತಪ್ಪುಗಳಿದ್ದರೆ ತಿದ್ದಿಕೊಂಡು ಓದಬೇಕು.

ನಮ್ಮೂರು ಶಿಕಾರಿಪುರ ತಾಲ್ಲೂಕು, ಉಡುತಡಿಯ ಕಡೆ. ಅಪ್ಪನಿಗೆ ಅಂಬ್ಲಿಗೊಳ ಡ್ಯಾಮಿನ ನೀರು ಹಾಯುವ ಒಂದಿಷ್ಟು ಗದ್ದೆ ಇತ್ತು, ಒಂದು ಮಂದೆ ಕುರಿ ಇತ್ತು. ಗದ್ದೆ ಅಪ್ಪ ಅವ್ವ ನೋಡಿಕೊಳ್ಳುತ್ತಿದ್ದರು. ಕುರಿ ಅಕ್ಕನದು. ಅಕ್ಕನ ಹೆಸರು ಹಾಲಮ್ಮ, ನನಗಿಂತ ಮೂರು ವರ್ಷ ದೊಡ್ಡವಳು. ಕುರಿ ಕಾಯಲು ಒಬ್ಬರು ಬೇಕೆಂದು ಅವಳನ್ನು ಶಾಲೆಗೆ ಸೇರಿಸಲೇ ಇಲ್ಲ. ಅವಳು ಕುರಿ ಕಾದದ್ದರಿಂದ ನಾನು ಆರು ಕ್ಲಾಸು ಓದಿದೆ, ತಮ್ಮ ಹಾಸ್ಟೆಲ್ಲಿಗೆ ಹೋದ.

ಅಕ್ಷರದ ಬದಲಿಗೆ ಅವಳಿಗೆ ಹಾಡು ಬಂತು. ಅಜ್ಜಿಯಿಂದ ಕಲಿತದ್ದು ಕೆಲವು, ನಾಟಿ ಗದ್ದೆಯಲ್ಲಿ ಕಲಿತದ್ದು ಕೆಲವು, ಮಿಕ್ಕಿದ್ದೆಲ್ಲ ರೇಡಿಯೋದ್ದು. ಚರ್ಮದ ಕವಚದ ಒಂದು ರೇಡಿಯೋ ಇತ್ತು. ಅದನ್ನು ಹೆಗಲಿಗೆ ನೇತು ಹಾಕಿಕೊಂಡು, ಕಂಬಳಿ ಹೊದ್ದು, ಕುರಿ ಹೊಡೆದುಕೊಂಡು ಗುಡ್ಡದ ಕಡೆ ಹೋಗುತ್ತಿದ್ದಳು. ಸೆಲ್ಲು ಸೊರಗಿದರೆ ಬಂಡೆಯ ಮೇಲೆ ಬಿಸಿಲಿಗೆ ಸಾಲಾಗಿ ಇಡುತ್ತಿದ್ದಳು. ಬಿಸಿಲು ಕುಡಿದ ಸೆಲ್ಲು ಇನ್ನೂ ಎರಡು ದಿನ ಹಾಡುತ್ತಿತ್ತು.

ಅವಳು ಒಂದು ಸಿನಿಮಾವನ್ನೂ ನೋಡಿರಲಿಲ್ಲ. ಹಾಡು ಕೇಳಿ ಚಿತ್ರವನ್ನು ತಾನೇ ಕಟ್ಟಿಕೊಳ್ಳುತ್ತಿದ್ದಳು. ಹಾಡುಗಳಿಗೆ ಅವಳೇ ಇಟ್ಟ ಹೆಸರುಗಳಿದ್ದವು. ಅಜ್ಜಿ ತೀರಿಕೊಂಡ ದಿನ ಪಕ್ಕದ ಮನೆಯಿಂದ ಕೇಳಿ ಬಂದದ್ದು ದೀಪದ ಹಾಡು. ಅದು ಬಂದರೆ ಅಕ್ಕ ಮಾತು ನಿಲ್ಲಿಸುತ್ತಿದ್ದಳು. ಕುರಿಯ ಉಣ್ಣೆ ಕತ್ತರಿಸುವಾಗ ಹೇಳುವ ಅಜ್ಜಿಯ ಹಾಡು ಕತ್ತರಿ ಹಾಡು. "ಕತ್ತರಿ ತಣ್ಣಗೈತೆ, ಹೆದರಬ್ಯಾಡ ನನ್ನ ತಾಯಿ" ಎಂದು ಕುರಿಯ ಕಿವಿಯ ಹತ್ತಿರ ಬಾಯಿಟ್ಟು ಹೇಳಿದರೆ ಅದು ಕಾಲು ಝಾಡಿಸುವುದನ್ನು ಬಿಡುತ್ತಿತ್ತು. ನಾನು ಹೇಳಿದರೆ ಇನ್ನಷ್ಟು ಒದೆಯುತ್ತಿತ್ತು.

ಎಲ್ಲಕ್ಕಿಂತ ಅವಳಿಗೆ ಹೆಚ್ಚಿನದು ಬಾವಿಕಟ್ಟೆಯ ಹಾಡು. ಯಾವುದೋ ಹಳೆಯ ಸಿನಿಮಾದ್ದು. ನೀರು ಸೇದಲು ಬಂದ ಹೆಂಗಸೊಬ್ಬಳು ಬಾವಿಯಿಂದ ಮೇಲೆ ಬಂದ ಕೊಡವನ್ನು, ಕೆಳಗೆ ಹೋಗಿ ಏನೇನು ನೋಡಿ ಬಂದೆ ಎಂದು ಕೇಳುವ ಹಾಡು. ಅದರಲ್ಲೇನಿದೆ ಎಂದು ಒಮ್ಮೆ ಕೇಳಿದೆ. "ದಿನಾ ಬೆಳಗಾದ್ರೆ ಗುಡ್ಡಕ್ಕೆ ಹೋಗ್ತೀನಿ, ಸಂಜಿಗೆ ಬರ್ತೀನಿ. ಏನು ನೋಡಿ ಬಂದೆ ಹಾಲಮ್ಮ ಅಂತ ನಮ್ಮ ಮನ್ಯಾಗ ಒಬ್ರಾದ್ರೂ ಕೇಳೀರೇನೇ?" ಎಂದಳು. ನಗುತ್ತಲೇ ಹೇಳಿದಳು. ಅವತ್ತೂ ನಾನು ಕೇಳಲಿಲ್ಲ.

ಭಾನುವಾರ ಮಧ್ಯಾಹ್ನ ರೇಡಿಯೋದಲ್ಲಿ ಕೇಳುಗರು ಕೋರಿದ ಹಾಡು ಹಾಕುತ್ತಿದ್ದರು. ಯಾವ ಹಾಡು, ಯಾರ್ಯಾರ ಕೋರಿಕೆ ಎಂದು ಕಾರ್ಡು ಬರೆದು ಹಾಕಬೇಕು. ಹಾಡಿಗೆ ಮೊದಲು ಊರಿನ ಹೆಸರು, ಆಮೇಲೆ ಜನರ ಹೆಸರು ಓದುತ್ತಿದ್ದರು. ರೇಡಿಯೋದಲ್ಲಿ ಹೆಸರು ಬಂತೆಂದರೆ ಒಂದು ವಾರ ಬೋರಿಂಗಿನ ಹತ್ತಿರ ಅದೇ ಮಾತು. ಅಕ್ಕ ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ. ಒಂದು ಕಾರ್ಡಿನಲ್ಲಿ ಹಿಡಿಸುವಷ್ಟು ಹೆಸರು ಹಾಕಿಸುತ್ತಿದ್ದಳು. ನಮ್ಮ ಓಣಿಯ ಹೆಂಗಸರೆಲ್ಲ ಅದರಲ್ಲಿ ಇರಬೇಕು. ಮೊದಲು ಹಾಲಮ್ಮ, ಆಮೇಲೆ ವಯಸ್ಸಿಗೆ ತಕ್ಕ ಹಾಗೆ ಉಳಿದವರು. ಬರೆಯುವವಳು ಮನೆಯವಳೇ ಅಲ್ಲವೇ ಎಂದು ನನ್ನ ಹೆಸರು, ಗಂಗಮ್ಮ, ಕಟ್ಟಕಡೆಗೆ.

ಓದುವವರು ಏಳೆಂಟು ಹೆಸರು ಓದಿ "ಮತ್ತು ಇತರರು" ಎಂದುಬಿಡುತ್ತಿದ್ದರು. ನಾಲ್ಕು ಸಲ ನಮ್ಮ ಕಾರ್ಡು ಬಂತು. ನಾಲ್ಕು ಸಲವೂ ನಾನು ಇತರರಲ್ಲಿ ಹೋದೆ.

"ನಮ್ಮ ಗಂಗಿ ಹೆಸರು ಇತರರು ಅಂತ ಕಣ್ರೇ" ಎಂದು ಪಕ್ಕದ ಮನೆಯ ಲಕ್ಕಮ್ಮ ಬೋರಿಂಗಿನ ಹತ್ತಿರ ನಗಾಡಿದಳು. ಎಲ್ಲರೂ ನಕ್ಕರು, ಅಕ್ಕನೂ ನಕ್ಕಳು. ಮುಂದಿನ ಕಾರ್ಡಿನಲ್ಲಿ ನನ್ನ ಹೆಸರು ಮೇಲೆ ಹಾಕುತ್ತೇನೆ ಎಂದರೆ, "ಲಕ್ಕಮ್ಮಗಿಂತ ನೀನು ದೊಡ್ಡೋಳೇನೇ? ದೊಡ್ಡೋರನ್ನ ಕೆಳಗೆ ಹಾಕಬಾರದು" ಎಂದಳು. ಇಷ್ಟೇ ವಿಷಯ. ಬರೆಯುವಾಗ ಈಗ ನಾಚಿಕೆಯಾಗುತ್ತದೆ. ಆಗ ನನಗೆ ಹತ್ತೊಂಬತ್ತು ವರ್ಷ, ಇಷ್ಟೇ ಎನ್ನಿಸುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಆ ವರ್ಷ, ಮುಂಗಾರು ಹಿಡಿಯುವ ಹೊತ್ತಿಗೆ ರೇಡಿಯೋದ ಮುಳ್ಳು ಓಡಾಡುವ ದಾರ ಹರಿಯಿತು. ನಾನೂ ಅಕ್ಕನೂ ಅದನ್ನು ಶಿಕಾರಿಪುರಕ್ಕೆ ತಗೊಂಡು ಹೋದೆವು. ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ರುದ್ರೇಶ ಎನ್ನುವವನ ರಿಪೇರಿ ಅಂಗಡಿ. ನಮ್ಮ ಜಾತಿಯವನಲ್ಲ. ಇಪ್ಪತ್ತೈದರ ಹುಡುಗ, ಬೆರಳ ತುದಿಗಳಲ್ಲಿ ಬೆಸುಗೆಯ ಸುಟ್ಟ ಕಲೆ. ಅವನು ಬೇರೊಂದು ರೇಡಿಯೋ ತಿರುಗಿಸುತ್ತಿದ್ದಾಗ ಯಾವುದೋ ಹಾಡಿನ ಬರೀ ವಾದ್ಯ ಕೇಳಿಸಿತು. ಅಕ್ಕ ತಟ್ಟನೆ ಅದು ಯಾವ ಹಾಡೆಂದು ಹೇಳಿದಳು. ಅವನು ಕೈಯಲ್ಲಿದ್ದದ್ದು ಬಿಟ್ಟು ತಲೆ ಎತ್ತಿದ. ಇನ್ನೊಂದು ಕಡೆ ತಿರುಗಿಸಿದ, ಅದನ್ನೂ ಹೇಳಿದಳು.

"ಏನ್ರೀ ಕಿವಿ ಇದು. ನಮ್ಮಂಥೋರು ಅಂಗಡಿ ಮುಚ್ಚಬೇಕಾಗ್ತದೆ" ಎಂದು ಅವನು ನಕ್ಕ. ಆಮೇಲೆ ನನ್ನ ಕಡೆ ನೋಡಿ, "ನಿಮಗೂ ಹಿಂಗೇ ಏನ್ರೀ?" ಎಂದ.

"ಅವಳಾ? ಅವಳು ಬಾಯಿ ತೆಗೆದ್ರೆ ಕುರಿ ಹಟ್ಟಿ ಬಿಟ್ಟು ಓಡ್ತಾವೆ" ಎಂದಳು ಅಕ್ಕ.

ಅಕ್ಕನ ಮಾತಿನಲ್ಲಿ ವಿಷ ಇರಲಿಲ್ಲ. ನನಗೆ ಮಾತ್ರ ಮುಖ ಎತ್ತಲಾಗಲಿಲ್ಲ. ಎಂಟು ದಿನ ಬಿಟ್ಟು ರೇಡಿಯೋ ತರಲು ನಾನೊಬ್ಬಳೇ ಹೋದೆ. ಒಗೆದ ಸೀರೆ ಉಟ್ಟು, ಹೂವು ಮುಡಿದು ಹೋಗಿದ್ದೆ. ಅವನು ರೇಡಿಯೋ ಕೊಡುತ್ತ, ನನ್ನ ಹಿಂದೆ ಬೀದಿಯ ಕಡೆ ನೋಡಿ, "ಅಕ್ಕ ಬರ್ಲಿಲ್ವೇನ್ರೀ?" ಎಂದ. ಅಷ್ಟೇ. ಮತ್ತೆ ಕೆಲಸಕ್ಕೆ ತಲೆ ತಗ್ಗಿಸಿದ. ಅವನ ಮೇಲೆ ನನಗೆ ಮನಸ್ಸಿತ್ತು ಎಂದರೆ ಸುಳ್ಳಾಗುತ್ತದೆ. ಒಬ್ಬರಾದರೂ ಅಕ್ಕನನ್ನು ಬಿಟ್ಟು ನನ್ನನ್ನು ಮಾತಾಡಿಸಲಿ ಎಂದಿತ್ತು.

ಬಸ್ಸಿಗೆ ಹೊತ್ತಿತ್ತು. ಪೋಸ್ಟಾಫೀಸಿಗೆ ಹೋಗಿ ಒಂದು ಕಾರ್ಡು ತಗೊಂಡೆ. ದಾರ ಕಟ್ಟಿದ ಪೆನ್ನಿನಿಂದ ಬಾವಿಕಟ್ಟೆಯ ಹಾಡಿನ ಮೊದಲ ಸಾಲು ಬರೆದೆ. ಆ ಹಾಡಿಗೆ ಐದು ಕಾರ್ಡು ಹಾಕಿದ್ದೆವು, ಒಂದು ಸಲವೂ ಬಂದಿರಲಿಲ್ಲ. ಕೋರಿಕೆ ಎನ್ನುವಲ್ಲಿ ನನ್ನ ಹೆಸರು, ಪಕ್ಕದಲ್ಲಿ ರುದ್ರೇಶನ ಹೆಸರು ಬರೆಯಬೇಕೆಂದು ಹೊರಟೆ. ಎರಡೇ ಹೆಸರು ಇದ್ದರೆ ಇತರರು ಎನ್ನಲು ಆಗುವುದಿಲ್ಲವಲ್ಲ. ಆದರೆ ಒಂದು ಕಾರ್ಡಿನಲ್ಲಿ ಒಂದು ಹೆಣ್ಣು, ಒಂದು ಗಂಡು, ಎರಡೇ ಹೆಸರಿದ್ದರೆ ಅವರು ಗಂಡ ಹೆಂಡತಿ ಅಥವಾ ಆಗುವವರು. ಇದು ರೇಡಿಯೋ ಕೇಳುವವರಿಗೆಲ್ಲ ಗೊತ್ತು. ನನ್ನ ಕೈ ತಡೆಯಿತು.  ಆಮೇಲೆ ಹಾಲಮ್ಮ ಮತ್ತು ರುದ್ರೇಶ ಎಂದು ಬರೆದು ಹೊರಗಿನ ಅಂಚೆ ಡಬ್ಬಿಗೆ ಹಾಕಿದೆ.

ಕಾರ್ಡು ಕೆಳಗೆ ಬಿದ್ದ ಸದ್ದಿಗೇ ಹೆದರಿದೆ. ಒಳಗೆ ಹೋಗಿ, ತಪ್ಪು ಬರೆದಿದ್ದೇನೆ, ವಾಪಸು ಕೊಡಿ ಎಂದು ಕೇಳಿದೆ. ಕೌಂಟರಿನಲ್ಲಿದ್ದವರು ಕನ್ನಡಕದ ಮೇಲಿಂದ ನೋಡಿ, "ಡಬ್ಬಿಗೆ ಬಿದ್ದ ಮೇಲೆ ಅದು ಸರ್ಕಾರದ್ದು ಕಣಮ್ಮ. ಇನ್ನೊಂದು ಬರೆದು ಹಾಕು" ಎಂದರು.

ಇನ್ನೊಂದು ಬರೆದು ಹಾಕಬಹುದಿತ್ತು. ಹಿಂದಿನ ಕಾರ್ಡು ಓದಬೇಡಿ ಎಂದು ಎರಡು ಸಾಲು ಬರೆದಿದ್ದರೆ ಸಾಕಿತ್ತೋ ಏನೋ. ಬಸ್ಸು ಬಂತು, ಹತ್ತಿದೆ. ಆರನೇ ಕಾರ್ಡೂ ಹಿಂದಿನ ಐದರ ಹಾಗೆ ಮೂಲೆಗೆ ಬೀಳುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಆಷಾಢ ಹಿಡಿಯುವ ಮೊದಲೇ ಸೊರಬದಿಂದ ಮಾವ ಬಂದ. ಅವ್ವನ ಅಣ್ಣ. ಜೊತೆಗೆ ಅತ್ತೆ, ಮಗ ಮಂಜಪ್ಪ. ಅಕ್ಕನನ್ನು ಮಂಜಪ್ಪನಿಗೆ ತರುವುದೆಂದು ಚಿಕ್ಕಂದಿನಿಂದ ಮಾತಿತ್ತು. ಈಗ ಎಲೆ ಅಡಿಕೆ ಬದಲಾಯಿಸಲು ಬಂದಿದ್ದರು. ಮಂಜಪ್ಪ ಗದ್ದೆ ಮಾಡಿಕೊಂಡಿದ್ದವನು, ಮಾತು ಕಡಿಮೆ, ಹಾಡೆಂದರೆ ಪ್ರಾಣ. ಊಟವಾದ ಮೇಲೆ ಮಾವ, "ಹುಡುಗಿ ಒಂದು ಹಾಡು ಹೇಳ್ಲಿ ಮಾರಾಯ, ಶಾಸ್ತ್ರ ಶಾಸ್ತ್ರವೇ" ಎಂದ.

ಅಕ್ಕ ದೇವರ ಹಾಡು ಹೇಳುತ್ತಾಳೆ ಎಂದುಕೊಂಡೆವು. ಅವಳು ಕತ್ತರಿ ಹಾಡು ಹೇಳಿದಳು. ಮಾವ ಹೊಟ್ಟೆ ಹಿಡಿದು ನಕ್ಕ. "ಎಂತ ಹಾಡೇ ಇದು? ನಮ್ಮ ಹುಡುಗನ್ನ ಬೋಳಿಸೋದಾ?" ಎಂದ. ಅತ್ತೆ ಸೆರಗು ಬಾಯಿಗೆ ಹಿಡಿದಳು. ಮಂಜಪ್ಪ ಮಾತ್ರ ನಗಲಿಲ್ಲ. "ಇನ್ನೊಂದು ಸಲ ಹೇಳಕ್ಕೆ ಹೇಳಿ" ಎಂದು ಅವ್ವನ ಹತ್ತಿರ ಮೆತ್ತಗೆ ಹೇಳಿದ. ಅಕ್ಕನ ಮುಖ ಕಿವಿಯ ತನಕ ಕೆಂಪಾಯಿತು. ದೀಪಾವಳಿ ಕಳೆದ ಮೇಲೆ ಮದುವೆ ಎಂದಾಯಿತು.

ಅವತ್ತಿನಿಂದ ನನಗೆ ಆ ಕಾರ್ಡಿನದೇ ಭಯ. ಭಾನುವಾರ ಬಂದರೆ ಜ್ವರ ಬಂದ ಹಾಗೆ. ಸೊರಬದವರೂ ಅದೇ ರೇಡಿಯೋ ಕೇಳುತ್ತಾರೆ. ಮೊದಲ ಭಾನುವಾರ ನಮ್ಮ ಕಾರ್ಡು ಬರಲಿಲ್ಲ. ಎರಡನೆಯದೂ ಹಾಗೇ ಹೋಯಿತು. ಮೂರನೆಯ ಭಾನುವಾರ ಬೆಳಿಗ್ಗೆ ರೇಡಿಯೋದೊಳಗಿನ ಸೆಲ್ಲು, ಗೂಡಿನಲ್ಲಿಟ್ಟಿದ್ದ ಸೆಲ್ಲು ಎಲ್ಲವನ್ನೂ ತಗಡಿನ ಡಬ್ಬಿಗೆ ಹಾಕಿ ಅಟ್ಟದ ಮೇಲೆ ಹುಲ್ಲಿನ ಹಿಂದೆ ತಳ್ಳಿದೆ. ನಮ್ಮ ಓಣಿಯಲ್ಲಿ ಇನ್ನೂ ಆರು ಮನೆಗಳಲ್ಲಿ ರೇಡಿಯೋ ಇದ್ದವು. ಅದು ಗೊತ್ತಿದ್ದೂ ಬಚ್ಚಿಟ್ಟೆ.

"ಸೆಲ್ಲು ಎಲ್ಲೇ?" ಎಂದು ಅಕ್ಕ ಹುಡುಕಿದಳು. ಗೊತ್ತಿಲ್ಲ ಎಂದೆ. "ಇಲಿ ಹೊತ್ಕೊಂಡು ಹೋಗಿ ಹಾಡು ಕೇಳ್ತಾ ಕೂತಿರಬೇಕು" ಎಂದು ಹೇಳಿ ಲಕ್ಕಮ್ಮನ ಜಗುಲಿಗೆ ಹೋದಳು. ನಾನೂ ಹೋದೆ. ಹೋಗದೆ ಇರಲು ಆಗಲಿಲ್ಲ.

ಸಣ್ಣಗೆ ಜಿಬುರು ಮಳೆ. ಜಗುಲಿಯಲ್ಲಿ ಐದಾರು ಹೆಂಗಸರು ಕದಿರು ಹಿಡಿದು ಉಣ್ಣೆ ನೂಲುತ್ತಿದ್ದರು. ರೇಡಿಯೋ ಕಿಟಕಿಯಲ್ಲಿತ್ತು. ಮೂರು ಹಾಡು ಆದವು. ನಾಲ್ಕನೆಯದಕ್ಕೆ ಹೆಸರು ಓದುವ ಹೆಣ್ಣು ದನಿ ಶಿಕಾರಿಪುರ ತಾಲ್ಲೂಕು ಎಂದಿತು, ನಮ್ಮ ಊರಿನ ಹೆಸರು ಹೇಳಿತು. ಕದಿರುಗಳೆಲ್ಲ ನಿಂತವು. "ಹಾಲಮ್ಮ ಮತ್ತು ರುದ್ರೇಶ" ಎಂದಿತು. ಬೇರೆ ಹೆಸರಿಲ್ಲ. ಹಾಡು ಶುರುವಾಯಿತು.

"ಯಾವ ರುದ್ರೇಶನೇ ಹಾಲಮ್ಮ?" ಎಂದಳು ಲಕ್ಕಮ್ಮ.

ಅಕ್ಕ ಕೈ ಎತ್ತಿದಳು. "ತಡಿ. ಹಾಡು ಮುಗೀಲಿ."

ಕಣ್ಣು ಮುಚ್ಚಿ ಗೋಡೆಗೆ ಒರಗಿ ಕೂತಳು. ಆ ಹಾಡಿಗಾಗಿ ಒಂದೂವರೆ ವರ್ಷ ಕಾದಿದ್ದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು, ಒಬ್ಬಳು ಎದ್ದು ಹೋದಳು. ಅಕ್ಕನ ತುಟಿ ಹಾಡಿನ ಜೊತೆಗೆ ಅಲುಗುತ್ತಿತ್ತು. ಹಾಡು ಪೂರ್ತಿ ಮುಗಿದ ಮೇಲೆ ಕಣ್ಣು ತೆರೆದು ನೇರವಾಗಿ ನನ್ನನ್ನು ನೋಡಿದಳು. ಬೇರೆ ಯಾರನ್ನೂ ನೋಡಲಿಲ್ಲ. ನಮ್ಮ ಮನೆಯಲ್ಲಿ ಕಾರ್ಡು ಬರೆಯುವವಳು ನಾನೊಬ್ಬಳೇ.

ಅಪ್ಪನಿಗೆ ಗದ್ದೆಯಲ್ಲೇ ಸುದ್ದಿ ಮುಟ್ಟಿತ್ತು. ಕೆಸರು ಕಾಲಲ್ಲೇ ಬಂದ. ಅಕ್ಕ ಕುರಿ ಹಟ್ಟಿಯ ಬಾಗಿಲಲ್ಲಿ ನಿಂತಿದ್ದಳು, ನಾನು ಒಲೆಯ ಮುಂದೆ. ಅಪ್ಪ ಅಕ್ಕನನ್ನು ಕೇಳಲಿಲ್ಲ, ನನ್ನನ್ನು ಕೇಳಿದ.

"ನೀನು ಬರೆದೆಯೇನೇ ಅದನ್ನ?"

ಹೂಂ ಎಂದೆ.

"ಯಾರು ಬರೀ ಅಂದ್ರು?"

ಅಪ್ಪನ ಕೈಯಲ್ಲಿ ಬಾರುಕೋಲು ಇತ್ತು. ಅವ್ವ ಗೋಡೆ ಹಿಡಿದು ನಿಂತಿದ್ದಳು. ನಾನೇ ಬರೆದೆ, ಹೊಟ್ಟೆಕಿಚ್ಚಿಗೆ ಬರೆದೆ ಎನ್ನಬೇಕಿತ್ತು. ಹೊಡೆತ ಬೀಳುತ್ತಿತ್ತು, ಹತ್ತು ದಿನ ಮಲಗುತ್ತಿದ್ದೆ. ಅಪ್ಪ ಮಾವನ ಮನೆಗೆ ಹೋಗಿ ಹುಡುಗಾಟಿಕೆ ಎಂದು ಕೈ ಮುಗಿದಿದ್ದರೆ ಕೆಲಸ ಕೆಡುತ್ತಿರಲಿಲ್ಲವೇನೋ. ನಾನು, "ಅಕ್ಕ ಹೇಳಿದ್ದನ್ನ ಬರೆದೆ" ಎಂದೆ.

ಅಪ್ಪ ಅಕ್ಕನ ಕಡೆ ತಿರುಗಿದ. ಅಕ್ಕ ಇನ್ನೂ ನನ್ನನ್ನೇ ನೋಡುತ್ತಿದ್ದಳು.  ಕುರಿಗಳು ಒದರುತ್ತಿದ್ದವು.

"ಹೂಂ ಕಣಪ್ಪ. ನಾನೇ ಬರೆಸಿದ್ದು" ಎಂದಳು.

ಬಾರುಕೋಲು ಅವಳ ಬೆನ್ನ ಮೇಲೆ ಬಿತ್ತು. ಅವಳು ಕೂಗಲಿಲ್ಲ. ನಾನು ಒಲೆಗೆ ಕಟ್ಟಿಗೆ ಒಟ್ಟುತ್ತ ಕೂತೆ.

ರೇಡಿಯೋ ರಿಪೇರಿ ಮಾಡಿಕೊಟ್ಟವನ ಹೆಸರು ಮನೆಯವರಿಗೆಲ್ಲ ಗೊತ್ತಿತ್ತು. ಮಾರನೆಯ ದಿನ ದೊಡ್ಡಪ್ಪನ ಮಕ್ಕಳು ಶಿಕಾರಿಪುರಕ್ಕೆ ಹೋದರು. ರುದ್ರೇಶ ತನಗೇನೂ ಗೊತ್ತಿಲ್ಲವೆಂದು ತಾಯಿಯ ಮೇಲೆ ಆಣೆ ಮಾಡಿದನಂತೆ. ಅಂಗಡಿಯಲ್ಲಿದ್ದ ರೇಡಿಯೋಗಳನ್ನೆಲ್ಲ ಬೀದಿಯ ನೀರಿಗೆ ಎಸೆದು ಬಂದರು. ಅವನ ಬಲಗೈ ಮುರಿಯಿತು ಎಂದು ಆಮೇಲೆ ಕೇಳಿದೆ. ಬೆಸುಗೆ ಹಾಕುವ ಕೈ. ಅಂಗಡಿ ಮತ್ತೆ ತೆರೆಯಲಿಲ್ಲ. ಎಲ್ಲಿಗೆ ಹೋದನೋ ಯಾರೂ ಹೇಳಲಿಲ್ಲ, ಕೇಳುವ ಧೈರ್ಯ ನನಗಿರಲಿಲ್ಲ.

ಬುಧವಾರ ಮಾವ ಬಂದ. ಒಳಗೆ ಬರದೆ ಜಗುಲಿಯಲ್ಲೇ ಕೂತ. ಅವ್ವ ಕಾಲು ಹಿಡಿದಳು.

"ಏಳೇ ತಂಗಿ. ದೊಡ್ಡವಳು ನಮಗೆ ಬೇಡ" ಎಂದ. "ಹಂಗಂತ ತಂಗಿ ಮನೆ ಬಿಟ್ಟು ಬೇರೆ ಕಡೆ ಹೆಣ್ಣು ತರಕ್ಕೆ ನನಗೆ ಮನಸ್ಸಿಲ್ಲ. ಚಿಕ್ಕವಳನ್ನ ಕೊಡಿ. ಭಾವ, ಎಂತ ಹೇಳ್ತೀರಿ?"

ಅಪ್ಪ ಹೂಂ ಎಂದ. ನನ್ನನ್ನು ಯಾರೂ ಕೇಳಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ನಿಜ. ಬಾಗಿಲ ಸಂದಿಯಲ್ಲಿ ನಿಂತು ಆ ಮಾತು ಕೇಳಿದಾಗ ನನ್ನೊಳಗೆ ಏನೋ ಹಿಗ್ಗಿತು ಎನ್ನುವುದೂ ನಿಜ. ಒಂದೇ ಗಳಿಗೆ. ಆ ಗಳಿಗೆಯನ್ನು ನಾನು ಯಾರ ಹತ್ತಿರವೂ ಇದುವರೆಗೆ ಹೇಳಿಲ್ಲ.

ದೊಡ್ಡವಳನ್ನು ಮನೆಯಲ್ಲಿಟ್ಟುಕೊಂಡು ಚಿಕ್ಕವಳನ್ನು ಕೊಡಲಾಗದು. ಅಪ್ಪ ಓಡಾಡಿ, ಸೊರಬ ತಾಲ್ಲೂಕು ಗುಡವಿಯ ಹತ್ತಿರದ ಹಳ್ಳಿಯಲ್ಲಿ ನಿಂಗಪ್ಪ ಎನ್ನುವವನನ್ನು ಹುಡುಕಿದ. ಹೆಂಡತಿ ಸತ್ತು ವರ್ಷವಾಗಿತ್ತು. ನಲವತ್ತು ದಾಟಿದ್ದವನು, ಎರಡು ಸಣ್ಣ ಮಕ್ಕಳು. ಅವನು ಒಂದೇ ಮಾತು ಹೇಳಿ ಕಳಿಸಿದ್ದ: ರೇಡಿಯೋ ತರಕೂಡದು, ನಮ್ಮ ಮನೆಯಲ್ಲಿ ಹಾಡು ಗೀಡು ಎಂದು ಬಾಯಿ ಬಿಡಕೂಡದು. ಅಪ್ಪ ಅದಕ್ಕೂ ಹೂಂ ಎಂದ. ಶ್ರಾವಣದ ಮೊದಲ ಮುಹೂರ್ತಕ್ಕೇ ಮದುವೆ.

ಮದುವೆಯ ಹಿಂದಿನ ದಿನವೂ ಅಕ್ಕ ಕುರಿ ಹೊಡೆದುಕೊಂಡು ಹೋಗಿದ್ದಳು. ಅವ್ವ ನನ್ನ ಕೈಯಲ್ಲಿ ರೊಟ್ಟಿ ಕೊಟ್ಟು ಕಳಿಸಿದಳು. ಮಳೆ ಬಿಟ್ಟಿತ್ತು. ಗುಡ್ಡದ ಮೇಲಿಂದ ನೋಡಿದರೆ ನೀರಿನ ಚಾನೆಲ್ಲಿನ ಎರಡೂ ಕಡೆ ನಾಟಿ ಗದ್ದೆಗಳು ಹಸಿರಾಗಿದ್ದವು. ಕುರಿಗಳ ಗೊರಸಿಗೆ ಕೆಸರಿನ ಹುಣ್ಣಾಗಿತ್ತು. ಅಕ್ಕ ಒಂದೊಂದನ್ನೇ ಹಿಡಿದು ಬೇವಿನೆಣ್ಣೆ ಹಚ್ಚುತ್ತಿದ್ದಳು. ಮೊದಲೆಲ್ಲ ಹಾಡುತ್ತ ಹಚ್ಚುತ್ತಿದ್ದವಳು, ಈಗ ಸುಮ್ಮನೆ ಹಚ್ಚುತ್ತಿದ್ದಳು. ನಾನು ಕುರಿಯ ಕಾಲು ಹಿಡಿದುಕೊಂಡೆ.

"ಏನಾರ ಹೇಳಾದು ಐತೇನೇ ಗಂಗಿ?" ಎಂದಳು. ನನ್ನ ಕಡೆ ನೋಡಲಿಲ್ಲ.

ಇನ್ನೂ ಒಂದು ದಿನ ಇತ್ತು. ಈಗ ಗುಡ್ಡ ಇಳಿದು ಹೋಗಿ ಅಪ್ಪನಿಗೆ ಹೇಳಿದರೆ ನಾಳೆಯ ಮದುವೆ ನಿಲ್ಲಬಹುದಿತ್ತು. ನನ್ನ ಬಾಯಿಂದ, "ಏನಿಲ್ಲ" ಎಂದು ಬಂತು.

"ಸರಿ ಬಿಡು."

ಇನ್ನೊಂದು ಕುರಿ ಹಿಡಿದಳು. ಎಣ್ಣೆ ಹಚ್ಚಿ ಮುಗಿಸಿದ ಮೇಲೆ ಕೈಯನ್ನು ಹುಲ್ಲಿಗೆ ಒರೆಸುತ್ತ, "ಒಬ್ಬಳ ಹೆಸರು ಕೆಟ್ರೆ ಸಾಕು. ಇಬ್ಬರದೂ ಕೆಟ್ರೆ ಅವ್ವ ಬಾವಿ ನೋಡ್ಕೊಂತಾಳೆ" ಎಂದಳು. ಅಷ್ಟೇ ಹೇಳಿದ್ದು. ರೊಟ್ಟಿ ಬಿಚ್ಚಿ ಅರ್ಧ ಮುರಿದು ನನಗೇ ಕೊಟ್ಟಳು. ನಾನು ತಿಂದೆ.

ಮಾಘದಲ್ಲಿ ನನ್ನ ಮದುವೆಯಾಯಿತು. ಸೊರಬದ ಮನೆಯಲ್ಲಿ ಮಂಜಪ್ಪ ನನ್ನನ್ನು ಒಂದು ದಿನವೂ ಜೋರು ಮಾಡಲಿಲ್ಲ. ಹೊಸದರಲ್ಲಿ ಒಂದು ದಿನ, "ನೀನು ಹಾಡಲ್ವಾ?" ಎಂದು ಕೇಳಿದರು. ಬರುವುದಿಲ್ಲ ಎಂದೆ. "ಹೋಗ್ಲಿ, ಯಾವ ಹಾಡು ಇಷ್ಟ? ಅದನ್ನಾದ್ರೂ ಹೇಳು" ಎಂದರು. ನನಗೆ ಒಂದೂ ತೋಚಲಿಲ್ಲ. ನನ್ನವು ಎನ್ನುವ ಹಾಡೇ ಇರಲಿಲ್ಲ. ಅಕ್ಕ ಬರೆಸುತ್ತಿದ್ದ ಹಾಡುಗಳು ಒಂದೊಂದೇ ನೆನಪಾದವು, ಅವುಗಳ ಮೊದಲ ಸಾಲುಗಳನ್ನು ಬರೀ ಮಾತಿನಲ್ಲಿ ಹೇಳಿದೆ. ಎಲ್ಲಕ್ಕಿಂತ ಮೊದಲು ಬಾವಿಕಟ್ಟೆಯ ಹಾಡಿನದು. ಅವರಿಗೆ ಬಹಳ ಸಂತೋಷವಾಯಿತು. ಮುಂದಿನ ವಾರ ಟೇಪ್ ರೆಕಾರ್ಡರ್ ಬಂತು, ಅಂಗಡಿಯಲ್ಲಿ ಪಟ್ಟಿ ಬರೆದುಕೊಟ್ಟು ಆ ಹಾಡುಗಳನ್ನೆಲ್ಲ ಒಂದು ಕ್ಯಾಸೆಟ್ಟಿಗೆ ತುಂಬಿಸಿ ತಂದರು. ಮೇಲೆ ಕೆಂಪು ಶಾಯಿಯಲ್ಲಿ ಗಂಗಮ್ಮನ ಮೆಚ್ಚಿನ ಹಾಡುಗಳು ಎಂದು ಬರೆಸಿದ್ದರು.

ಹೀಗೆ ಅಕ್ಕನಿಗೆ ನಿಶ್ಚಯವಾಗಿದ್ದ ಗಂಡು ನನಗಾದ, ಅಕ್ಕನ ಹಾಡುಗಳೂ ನನ್ನ ಹೆಸರಿಗಾದವು. ಮುಂದೆ ಎಷ್ಟೋ ಸಂಜೆ ಅವರು ಗದ್ದೆಯಿಂದ ಬಂದು, ಬಾ ಕೂತ್ಕೋ ಎಂದು ಕರೆದು, ಆ ಕ್ಯಾಸೆಟ್ಟು ಹಾಕಿದ್ದಾರೆ. ನಾನು ಕೂತು ಕೇಳಿದ್ದೇನೆ. ಬಾವಿಕಟ್ಟೆಯ ಹಾಡು ಬಂದಾಗ ನನ್ನ ಕಣ್ಣಲ್ಲಿ ನೀರು ಬರುತ್ತದೆ. ಹಾಡಿನ ಮೇಲಿನ ಪ್ರೀತಿ ಎಂದು ಅವರು ತಿಳಿದುಕೊಂಡಿದ್ದಾರೆ. ಇದನ್ನು ಅವರು ಓದಿದರೆ ಈಗ ತಿಳಿಯುತ್ತದೆ. ಓದಲಿ.

ನನ್ನ ಮೊದಲ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಅಕ್ಕ ಬಂದಿದ್ದಳು. ಮದುವೆಯಾಗಿ ಮೂರೇ ವರ್ಷ, ಹತ್ತು ವರ್ಷದಲ್ಲಿ ಇಳಿಯುವಷ್ಟು ಇಳಿದಿದ್ದಳು. ತೊಟ್ಟಿಲು ತೂಗುವಾಗ ಹೆಂಗಸರು, ಹಾಲಮ್ಮನೇ ಹಾಡಲಿ ಎಂದು ಹಿಡಿದುಕೊಂಡರು. ಅವಳು "ನನಗೆ ಹಾಡು ಬರಲ್ಲ ಕಣ್ರವ್ವ, ಮರ್ತು ಹೋಗೈತೆ" ಎಂದಳು. ಹೊರಗೆ ನಿಂತಿದ್ದ ನನ್ನ ಗಂಡನಿಗೆ ಅದು ಕೇಳಿಸಿತು. ಅಲ್ಲಿಂದ ಆಚೆ ಹೋದರು.

ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದವಳ ಹತ್ತಿರ ಹೋಗಿ, ಅಕ್ಕಾ, ಆ ಕಾರ್ಡು, ಎಂದು ಶುರು ಮಾಡಿದೆ. ಅವಳು ಬೂದಿಯ ಕೈಯಿಂದಲೇ ನನ್ನ ಬಾಯಿ ಮುಚ್ಚಿದಳು.

"ಬಾಣಂತಿ ನೀನು. ಇಲ್ಲಿ ಗಾಳಿ ಐತೆ, ಒಳಗೆ ಹೋಗು."

"ಅಕ್ಕಾ, ಒಂದು ಮಾತು."

"ಆ ಮಾತು ನನಗೆ ಬೇಕಾಗಿದ್ದ ದಿನ ನೀನು ಹೇಳ್ಲಿಲ್ಲ. ಈಗ ಅದು ಬರೀ ನಿನಗೆ ಬೇಕಾಗಿರೋದು. ಹೋಗು ಒಳಗೆ."

ಮತ್ತೆ ನಾನು ಆ ಮಾತು ಎತ್ತಲಿಲ್ಲ. ಹಬ್ಬಕ್ಕೆ, ಸಾವಿಗೆ, ಮದುವೆಗೆ ಸೇರುತ್ತಿದ್ದೆವು. ಮಳೆ, ಕುರಿ, ಮಕ್ಕಳು ಎಂದು ಮಾತಾಡಿಕೊಳ್ಳುತ್ತಿದ್ದೆವು. ಅವಳು ನನ್ನನ್ನು ಒಂದು ದಿನವೂ ಅನ್ನಲಿಲ್ಲ, ಆಡಲಿಲ್ಲ.

ಅಕ್ಕ ತೀರಿಹೋಗಿ ಎರಡು ಮಳೆಗಾಲವಾಯಿತು. ತಿಥಿಯ ದಿನ ಊಟವಾದ ಮೇಲೆ ನಿಂಗಪ್ಪನ ಮಗಳು ರೇಣುಕಾ ನನ್ನ ಹತ್ತಿರ ಬಂದು ಕೂತಳು. ಅಕ್ಕ ಆ ಮನೆಗೆ ಹೋದಾಗ ನಾಲ್ಕು ವರ್ಷದವಳಾಗಿದ್ದವಳು, ಅಕ್ಕನ ಕೈಯಲ್ಲೇ ಬೆಳೆದವಳು. ಅವಳ ಸಣ್ಣ ಮಗು ನನ್ನ ತೊಡೆಯ ಮೇಲೆ ಮಲಗಿತ್ತು. ಊಟಕ್ಕೆ ಬಂದಿದ್ದ ನಮ್ಮೂರಿನ ಲಕ್ಕಮ್ಮ, ಈಗ ಹಣ್ಣು ಮುದುಕಿ, ಎಲೆ ಅಡಿಕೆ ಹಾಕಿಕೊಳ್ಳುತ್ತ, "ಏನು ಗಂಟಲವ್ವ ಅವಳದು, ಗುಡ್ಡದಾಗ ಹಾಡಿದ್ರೆ ಓಣಿಗೆ ಕೇಳ್ತಿತ್ತು" ಎಂದು ಯಾರಿಗೋ ಹೇಳುತ್ತಿದ್ದಳು.

ರೇಣುಕಾ ತಿರುಗಿ ನನ್ನ ಮುಖ ನೋಡಿದಳು.

"ಚಿಕ್ಕಮ್ಮ, ಅವ್ವಂಗೆ ಹಾಡು ಬರ್ತಿತ್ತಾ?"

"ಬರ್ತಿತ್ತು."

"ನಾ ಒಂದಿನ ಕೇಳ್ಲಿಲ್ಲ. ನನ್ನ ಮಲಗಿಸೋವಾಗ್ಲೂ ಬೆನ್ನು ತಟ್ತಿದ್ಲು, ಅಷ್ಟೇ. ಎಂತ ಹಾಡ್ತಿದ್ಲು?"

ಒಂದಾದರೂ ಹಾಡಿ ತೋರಿಸಬೇಕಿತ್ತು. ನನಗೆ ರಾಗ ಬರುವುದಿಲ್ಲ. ಕತ್ತರಿ ಹಾಡು, ದೀಪದ ಹಾಡು, ಬಾವಿಕಟ್ಟೆಯ ಹಾಡು ಎಂದು ಹೆಸರುಗಳನ್ನು ಹೇಳಿದೆ. ಅವಳು ಬೆರಳು ಮಡಚಿಕೊಂಡು, ಮರೆಯಬಾರದು ಎನ್ನುವ ಹಾಗೆ ಕೇಳಿಸಿಕೊಂಡಳು.

"ಮತ್ತೆ ಯಾಕೆ ಬಿಟ್ಲು?"

ನಿಮ್ಮಪ್ಪ ಬೇಡ ಎಂದಿದ್ದ ಎನ್ನಬಹುದಿತ್ತು. ಅದು ಸುಳ್ಳೇನೂ ಅಲ್ಲ, ಅವನೂ ಸತ್ತು ಹೋಗಿದ್ದ. ಆದರೆ ಬಚ್ಚಿಟ್ಟು ಬಚ್ಚಿಟ್ಟು ನನಗೆ ಆ ದಿನ ಸಾಕಾಗಿತ್ತು. ಬಾಗಿಲ ಸಂದಿಯ ಆ ಒಂದು ಗಳಿಗೆ ಬಿಟ್ಟು ಇಲ್ಲಿ ಬರೆದದ್ದನ್ನೆಲ್ಲ ಅವಳಿಗೆ ಹೇಳಿದೆ. ಪೋಸ್ಟಾಫೀಸಿನದು, ಜಗುಲಿಯದು, ಒಲೆಯ ಮುಂದೆ ನಾನು ಹೇಳಿದ್ದು, ಗುಡ್ಡದ ಮೇಲೆ ಹೇಳದೆ ಇದ್ದದ್ದು.  

ನಾನು ಮುಗಿಸಿದ ಮೇಲೆ ರೇಣುಕಾ ಎದ್ದು, ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದ ಮಗುವನ್ನು ಎಚ್ಚರವಾಗದ ಹಾಗೆ ಎತ್ತಿಕೊಂಡು ಒಳಗೆ ಹೋದಳು.